ಥೀಮ್ ಪಾರ್ಕ್‌ಗೆ ಯಾವಾಗ ಹೋಗೋದು? ಘಟ್ಟದ ಮೇಲಿನವರಿಗೆ ಒಂದು ಲೆಕ್ಕ, ಕೆಳಗಿನವರಿಗೆ ಇನ್ನೊಂದು

"ವಂಡರ್‌ಲಾಗೆ ಯಾವಾಗ ಹೋಗೋದು?" ಇದು ಮಕ್ಕಳು ವರ್ಷಪೂರ್ತಿ ಕೇಳುವ ಪ್ರಶ್ನೆ. "ರಜೆ ಬರಲಿ, ನೋಡೋಣ" ಎನ್ನುವುದು ಮನೆಯ ದೊಡ್ಡವರ ಉತ್ತರ. ಆದರೆ ರಜೆ ನಮ್ಮ ಮಕ್ಕಳಿಗೆ ಮಾತ್ರ ಬರುವುದಿಲ್ಲ, ಊರಿನ ಎಲ್ಲ ಮಕ್ಕಳಿಗೂ ಒಟ್ಟಿಗೇ ಬರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಮಾಡುವ ದೊಡ್ಡ ಖರ್ಚಿನ ದಿನ ಬಿಸಿಲಲ್ಲಿ ಸಾಲು ನಿಲ್ಲುವುದರಲ್ಲೇ ಕಳೆದುಹೋಗುತ್ತದೆ. ಐದಾರು ಜನರ ಮನೆಗೆ ಟಿಕೆಟ್, ರೈಲು, ಊಟ ಎಲ್ಲ ಸೇರಿ ಸಣ್ಣ ಮೊತ್ತವೇನೂ ಆಗುವುದಿಲ್ಲ. ಎಲ್ಲಿಗೆ ಹೋಗುವುದು ಎಂಬುದಕ್ಕಿಂತ ಯಾವಾಗ ಹೋಗುವುದು ಎಂಬುದನ್ನೇ ಹೆಚ್ಚು ಯೋಚಿಸಬೇಕು.

ಬ್ಯಾರಿ ಮನೆಗಳು ಈಗ ಕರಾವಳಿಯಲ್ಲಿ ಮಾತ್ರ ಇಲ್ಲ. ವ್ಯಾಪಾರ, ಕೆಲಸ, ಮದುವೆ ಸಂಬಂಧ ಅಂತ ಘಟ್ಟದ ಮೇಲೆ ಬೆಂಗಳೂರು, ಅದರಾಚೆಗಿನ ಊರುಗಳವರೆಗೂ ಹರಡಿವೆ. ಬಂಗಾರಪೇಟೆ, ಕೆಜಿಎಫ್ ಕಡೆ ಇರುವವರು, ಅಲ್ಲಿಗೆ ನೆಂಟರ ಮನೆಗೆ ಹೋಗುವವರು, ಇಬ್ಬರಿಗೂ ದೊಡ್ಡ ಥೀಮ್ ಪಾರ್ಕ್ ಅಂದರೆ ಬೆಂಗಳೂರಿನ ಆಚೆ ಬದಿಯ ಬಿಡದಿಯಲ್ಲಿರುವ ವಂಡರ್‌ಲಾ. 2005ರಲ್ಲಿ ಶುರುವಾದ ಪಾರ್ಕ್ ಅದು. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು 70 ಕಿಲೋಮೀಟರ್, ಅಲ್ಲಿಂದ ಬಿಡದಿಗೆ ಮೈಸೂರು ಮಾರ್ಗದಲ್ಲಿ ಮತ್ತೆ 30 ಕಿಲೋಮೀಟರ್ ಚಿಲ್ಲರೆ. ಹೋಗಿ ಬರಲು 200 ಕಿಲೋಮೀಟರ್ ದಾಟುತ್ತದೆ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ ಕಡೆಯವರಿಗೆ ಇನ್ನಷ್ಟು ದೂರ. ಇಷ್ಟು ದೂರ ಹೋಗುವ ದಿನವನ್ನು ಕ್ಯಾಲೆಂಡರ್ ನೋಡದೆ ಆರಿಸಬಾರದು.

ಒಂದಲ್ಲ, ಮೂರು ಕ್ಯಾಲೆಂಡರ್

ನಮ್ಮ ಮನೆಗಳಲ್ಲಿ ಗೋಡೆಗೆ ಮೂರು ಕ್ಯಾಲೆಂಡರ್ ಇದ್ದ ಹಾಗೆ. ಒಂದು ಶಾಲೆಯದ್ದು, ಇನ್ನೊಂದು ಹಿಜರಿಯದ್ದು, ಮೂರನೆಯದು ಮಳೆ-ಬಿಸಿಲಿನದ್ದು.

ಶಾಲೆಯ ಕ್ಯಾಲೆಂಡರ್ ಎಲ್ಲರಿಗೂ ಗೊತ್ತು. ಏಪ್ರಿಲ್ 10ರ ಆಸುಪಾಸಿನಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ದಸರಾ ರಜೆ. ಪಾರ್ಕ್‌ಗಳಲ್ಲಿ ಜನ ತುಂಬುವುದೂ ಆಗಲೇ.

ಹಿಜರಿ ಕ್ಯಾಲೆಂಡರ್ ಪ್ರತಿವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2019ರ ರಮಝಾನ್ ಮೇ ಮೊದಲ ವಾರ ಶುರುವಾಗಿ ಜೂನ್ ಮೊದಲ ವಾರ ಮುಗಿಯಿತು. 2022ರಲ್ಲಿ ಏಪ್ರಿಲ್ ಪೂರ್ತಿ ಉಪವಾಸವೇ. ಆ ವರ್ಷಗಳಲ್ಲಿ ಬೇಸಿಗೆ ರಜೆಯಲ್ಲಿ ಪಾರ್ಕ್ ಎಂಬ ಮಾತು ಬಹಳ ಮನೆಗಳಲ್ಲಿ ಏಳುತ್ತಲೇ ಇರಲಿಲ್ಲ. ಈಗ ಹಾಗಿಲ್ಲ. 2025ರಲ್ಲಿ ಪೆರ್ನಾಲ್ ಮಾರ್ಚ್ 31ಕ್ಕೆ ಬಂತು, ಅಲ್ಲಿಂದೀಚೆಗೆ ಇನ್ನೂ ಹಿಂದಕ್ಕೆ ಸರಿದಿದೆ. 2027ರಲ್ಲಿ ರಮಝಾನ್ ಫೆಬ್ರವರಿ ಎರಡನೇ ವಾರ ಶುರುವಾಗುವ ಅಂದಾಜು, ಚಂದ್ರದರ್ಶನದ ಮೇಲೆ ಒಂದು ದಿನ ಹೆಚ್ಚು-ಕಡಿಮೆ ಆಗಬಹುದು. ಅಂದರೆ ಬೇಸಿಗೆ ರಜೆ ಮತ್ತೆ ನಮ್ಮ ಕೈಗೆ ಬಂದಿದೆ, ಚಳಿಗಾಲ ನಿಧಾನವಾಗಿ ಕೈಬಿಟ್ಟು ಹೋಗುತ್ತಿದೆ.

ಇದರ ಜೊತೆಗೆ ಮದ್ರಸವೂ ಇದೆ. ನಮ್ಮ ಹೆಚ್ಚಿನ ಮದ್ರಸಗಳಲ್ಲಿ ವಾರ್ಷಿಕ ಪರೀಕ್ಷೆ ಶಾಬಾನ್‌ನಲ್ಲಿ, ರಜೆ ರಮಝಾನ್‌ನಲ್ಲಿ, ಹೊಸ ತರಗತಿ ಶವ್ವಾಲ್‌ನಲ್ಲಿ. ಶಾಲೆಯ ಪರೀಕ್ಷೆ ತಪ್ಪಿಸಿ ದಿನ ಇಟ್ಟರೂ ಮದ್ರಸದ ಪರೀಕ್ಷೆಗೆ ಸಿಕ್ಕಿಬಿಟ್ಟರೆ ಮಕ್ಕಳಿಗೇ ಬೇಜಾರು.

ಮೂರನೆಯ ಕ್ಯಾಲೆಂಡರ್ ಮಳೆಯದ್ದು. ಕರಾವಳಿಯವರು ಹೆಚ್ಚಾಗಿ ಎಡವುವುದು ಇಲ್ಲೇ.

ಜೂನ್-ಜುಲೈ ಅಂದರೆ ಎಲ್ಲಾ ಕಡೆ ಒಂದೇ ಮಳೆಯಲ್ಲ

ಮಂಗಳೂರಿನಲ್ಲಿ ಜುಲೈ ಅಂದರೆ ಜಡಿಮಳೆ, ಶಾಲೆಗೆ ಜಿಲ್ಲಾಧಿಕಾರಿ ರಜೆ ಘೋಷಿಸಿದರೋ ಇಲ್ಲವೋ ಎಂದು ಬೆಳಿಗ್ಗೆ ಎದ್ದು ಮೊಬೈಲ್ ನೋಡುವ ಕಾಲ. ಅದೇ ದಿನ ಬಂಗಾರಪೇಟೆಯಲ್ಲಿ ಮೋಡ ಕವಿದಿರುತ್ತದೆ, ಗಾಳಿ ಬೀಸುತ್ತದೆ, ಬಂದರೆ ಒಂದಿಷ್ಟು ತುಂತುರು. ಕರಾವಳಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿದರೆ, ಕೋಲಾರ ಜಿಲ್ಲೆಗೆ ಬೀಳುವುದು ಏಳುನೂರು ಚಿಲ್ಲರೆ. ಅದರಲ್ಲೂ ದೊಡ್ಡ ಪಾಲು ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬೆಂಗಳೂರು, ಬಿಡದಿಯ ಕಡೆಯೂ ಹೆಚ್ಚು ಮಳೆ ಆ ಎರಡು ತಿಂಗಳಲ್ಲೇ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನವೆಂಬರ್‌ನಲ್ಲೂ ಬಿಡದೆ ಸುರಿಯುವುದುಂಟು. 2021ರ ನವೆಂಬರ್‌ನಲ್ಲಿ ಕೋಲಾರದ ಕೆರೆಗಳು ಕೋಡಿ ಬಿದ್ದದ್ದು ಅಲ್ಲಿಯವರಿಗೆ ನೆನಪಿರಬಹುದು.

ಹಾಗಾಗಿ ದಸರಾ ರಜೆಯಲ್ಲಿ ಜನವೂ ಜಾಸ್ತಿ, ಮಳೆಯೂ ಜಾಸ್ತಿ. ಜೂನ್ ಕೊನೆಯಿಂದ ಜುಲೈ ಮುಗಿಯುವವರೆಗೆ ಜನವೂ ಕಡಿಮೆ, ಬಿಸಿಲೂ ಕಡಿಮೆ. ಶಾಲೆ ಆಗಷ್ಟೇ ಶುರುವಾಗಿರುತ್ತದೆ, ದೊಡ್ಡ ಪರೀಕ್ಷೆ ಇರುವುದಿಲ್ಲ. ಒಂದು ದಿನ ಶಾಲೆ ತಪ್ಪಿದರೆ ಪಾಠ ಸರಿಮಾಡಿಕೊಳ್ಳಬಹುದು.

ಬಂಗಾರಪೇಟೆ, ಕೆಜಿಎಫ್ ಮನೆಗಳಿಗೆ

ಇಲ್ಲಿಯವರಿಗೆ ನಮ್ಮ ಸಲಹೆ ಜುಲೈ ತಿಂಗಳ ಮಂಗಳವಾರ, ಬುಧವಾರ ಅಥವಾ ಗುರುವಾರ. ಶುಕ್ರವಾರ ಬೇಡ. ಜುಮಾಕ್ಕೆ ಹೊರಗೆ ಬಂದು ಮಸೀದಿ ಹುಡುಕಿ ವಾಪಸ್ ಹೋಗುವಷ್ಟರಲ್ಲಿ ಗಂಡಸರಿಗೆ ಅರ್ಧ ದಿನ ಹೋಗುತ್ತದೆ. ಶನಿವಾರ, ಭಾನುವಾರ ಟಿಕೆಟ್ ದರವೂ ಜಾಸ್ತಿ, ಸಾಲೂ ಉದ್ದ.

"ವಾರದ ಮಧ್ಯೆ ರಜೆ ಹಾಕೋದು ಹೇಗೆ?" ಎಂದು ಕೇಳುವವರ ಕಷ್ಟ ಗೊತ್ತಿದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ದುಡಿಮೆ ಹಳಿಯ ಮೇಲೆ ನಿಂತಿದೆ. ಕತ್ತಲಿರುವಾಗಲೇ ಎದ್ದು ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲು ಹಿಡಿದು, ರಾತ್ರಿ ಮನೆ ಸೇರುವವರು ಸಾವಿರಾರು ಮಂದಿ. ಅವರಿಗೆ ಮಕ್ಕಳ ಮುಖ ಹಗಲಲ್ಲಿ ಕಾಣುವುದು ಭಾನುವಾರ ಮಾತ್ರ. ದಿನಗೂಲಿಯವರಿಗೆ ಒಂದು ದಿನದ ರಜೆ ಅಂದರೆ ಒಂದು ದಿನದ ಸಂಬಳ. ಆದರೂ ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಭಾನುವಾರದ ದರಕ್ಕೂ ವಾರದ ದಿನದ ದರಕ್ಕೂ ಇರುವ ವ್ಯತ್ಯಾಸವನ್ನು ಮನೆಯ ತಲೆಗಳಿಂದ ಗುಣಿಸಿ. ಐದಾರು ಟಿಕೆಟ್ ಆದರೆ ಕಳೆದುಕೊಂಡ ಸಂಬಳದ ಒಂದು ಭಾಗ ಅಲ್ಲೇ ವಾಪಸ್ ಬರುತ್ತದೆ. ಉಳಿದದ್ದಕ್ಕೆ ಪ್ರತಿಯಾಗಿ ಮಕ್ಕಳು ಮೂರು ಆಟದ ಬದಲು ಹತ್ತು ಆಟ ಆಡಿ ಬರುತ್ತಾರೆ.

ಇನ್ನೊಂದು ಸಮಸ್ಯೆ ರೈಲಿನದ್ದು. ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಸೀಟು ಸಿಗುತ್ತದೆ, ಪಾರ್ಕ್‌ನಲ್ಲಿ ಜಾಗ ಸಿಗುವುದಿಲ್ಲ. ಬುಧವಾರ ಪಾರ್ಕ್‌ನಲ್ಲಿ ಜಾಗ ಇರುತ್ತದೆ, ಬೆಳಗಿನ ರೈಲಿನಲ್ಲಿ ಕಾಲಿಡಲು ಆಗುವುದಿಲ್ಲ. ಸಣ್ಣ ಮಕ್ಕಳು, ವಯಸ್ಸಾದ ಉಮ್ಮ ಇದ್ದರೆ ಆ ನೂಕುನುಗ್ಗಲಿಗೆ ಇಳಿಯಲೇಬೇಡಿ. ಹಿಂದಿನ ದಿನ ಸಂಜೆ ಬೆಂಗಳೂರಿಗೆ ಹೊರಡಿ. ಆಗ ಜನ ಬೆಂಗಳೂರಿನಿಂದ ಊರ ಕಡೆ ಬರುತ್ತಿರುತ್ತಾರೆ, ಎದುರು ದಿಕ್ಕಿನ ರೈಲಿನಲ್ಲಿ ಆರಾಮವಾಗಿ ಕೂರಬಹುದು. ರಾತ್ರಿ ನೆಂಟರ ಮನೆಯಲ್ಲಿ ಉಳಿದು ಬೆಳಿಗ್ಗೆ ಬಿಡದಿಗೆ ಹೋದರೆ 11 ಗಂಟೆಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುತ್ತೀರಿ. ಉಳಿಯಲು ಮನೆ ಇಲ್ಲದವರು ಎರಡು ಕುಟುಂಬ ಸೇರಿ ಒಂದು ಗಾಡಿ ಮಾಡಿಕೊಳ್ಳುವುದೇ ಲೇಸು.

ಕರಾವಳಿಯಿಂದ ಬರುವವರಿಗೆ

ಮೇಲಿನ ಸಲಹೆ ಮಂಗಳೂರು, ಉಡುಪಿ ಕಡೆಯವರಿಗೆ ಹೊಂದುವುದಿಲ್ಲ. ಜುಲೈನಲ್ಲಿ ಬಿಡದಿ ಚೆನ್ನಾಗಿರುತ್ತದೆ ನಿಜ, ಆದರೆ ಮಧ್ಯದಲ್ಲಿ ಘಟ್ಟ ಇದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣು ಕುಸಿದು ಮಂಗಳೂರು-ಬೆಂಗಳೂರು ರೈಲುಗಳು ಹಲವು ದಿನ ಓಡಲೇ ಇಲ್ಲ. ಶಿರಾಡಿ ರಸ್ತೆಯ ಕಥೆಯೂ ಮಳೆಗಾಲದಲ್ಲಿ ಅಷ್ಟೇ. ಆಟಕ್ಕೆ ಹೊರಟು ಘಟ್ಟದಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ.

ಅವರಿಗೆ ಬೇಸಿಗೆ ರಜೆಯ ಮೊದಲ ಭಾಗ ವಾಸಿ, ಅಂದರೆ ಏಪ್ರಿಲ್ 15 ದಾಟಿದ ಮೇಲಿನ ವಾರದ ದಿನಗಳು. ಬಿಸಿಲು ಇರುತ್ತದೆ, ಸುಳ್ಳು ಹೇಳುವುದಿಲ್ಲ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲೇ 38.5 ಡಿಗ್ರಿ ದಾಖಲಾಗಿತ್ತು. ಆದರೆ ನೀರಿನ ಆಟಕ್ಕೆ ಬಿಸಿಲೇ ಚೆಂದ. ಮೇ ತಿಂಗಳಾದರೆ ಮಧ್ಯಾಹ್ನದ ಮೇಲೆ ಗುಡುಗು-ಮಿಂಚಿನ ಕಾಟ ಶುರು. ಮಿಂಚು ಬಂದರೆ ಎತ್ತರದ ಆಟಗಳನ್ನು ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು. ಮೇ ತಿಂಗಳಲ್ಲೇ ಹೋಗುವುದಾದರೆ ಬಯಲಿನ ದೊಡ್ಡ ಆಟಗಳನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಿ.

ಪೆರ್ನಾಲ್ ಮರುದಿನ, ಮೂರನೇ ದಿನ ಪಾರ್ಕ್‌ಗೆ ಹೋಗುವ ಅಭ್ಯಾಸವನ್ನೂ ಸ್ವಲ್ಪ ಬದಲಾಯಿಸಬೇಕು. ಮಕ್ಕಳ ಕೈಯಲ್ಲಿ ಪೆರ್ನಾಲ್ ದುಡ್ಡು ಇರುತ್ತದೆ, ನೆಂಟರು ಸೇರಿರುತ್ತಾರೆ, ಮನಸ್ಸಾಗುವುದು ಸಹಜ. ಆದರೆ ಹಾಗೆ ಯೋಚಿಸುವವರು ನಾವು ಮಾತ್ರ ಅಲ್ಲ. ಮುಂದಿನ ಕೆಲವು ವರ್ಷ ಈದುಲ್ ಫಿತ್ರ್ ಶಾಲೆಯ ಪರೀಕ್ಷೆ ಸಮಯದಲ್ಲಿ ಬರುತ್ತದೆ, ಬಕ್ರೀದ್ ಬೇಸಿಗೆ ರಜೆಯೊಳಗೆ ಬರುತ್ತದೆ. 2027ರಲ್ಲಿ ಮೇ ಮಧ್ಯಕ್ಕೆ, 2028ರಲ್ಲಿ ಮೇ ಮೊದಲ ವಾರಕ್ಕೆ. ಬಕ್ರೀದ್‌ಗೆಂದು ಬಂಗಾರಪೇಟೆಗೋ ಬೆಂಗಳೂರಿಗೋ ಬರುವವರು ನಾಲ್ಕೈದು ದಿನ ಮೊದಲೇ ಬಂದು, ಅರಫಾ ಉಪವಾಸದ ದಿನ ಬಿಟ್ಟು, ಪಾರ್ಕ್ ಮುಗಿಸಿಬಿಡಿ. ಹಬ್ಬದ ದಿನಗಳು ಮನೆಗೆ, ನೆಂಟರಿಗೆ ಉಳಿಯಲಿ.

ಕೆಜಿಎಫ್ ಸಿನಿಮಾ ನೋಡಿದ ಮಕ್ಕಳು ಗಣಿಯೊಳಗೆ ಇಳಿಯಬಹುದು ಎಂದು ಆಸೆಯಿಂದ ಬರುತ್ತಾರೆ. ಮುಚ್ಚಿದ ಗಣಿಗಳು ಪ್ರವಾಸಿ ಜಾಗವಲ್ಲ, ಸೈನೈಡ್ ದಿಬ್ಬದ ಧೂಳು ಆಡುವ ಮಣ್ಣೂ ಅಲ್ಲ, ಮೊದಲೇ ತಿಳಿಸಿಬಿಡಿ. ಅದರ ಬದಲು ಪಾರ್ಕ್‌ನ ಹಿಂದಿನ ದಿನವೋ ಮರುದಿನವೋ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಹತ್ತಿಸಿ. ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಂದು ಸ್ಟೇಷನ್ ಹೆಸರು ಓದುತ್ತಾ ಹೋದರೆ ಗಣಿಯ ಊರು ಕಿಟಕಿಯಲ್ಲೇ ಕಾಣುತ್ತದೆ. ವಾಪಸ್ ಬಂದು ತಿಳಿನೀರಿನ ಬಂಗಾರಪೇಟೆ ಪಾನಿಪುರಿ ಕೊಡಿಸಿದರೆ ಕಡಿಮೆ ಖರ್ಚಿನಲ್ಲಿ ಇನ್ನೊಂದು ಒಳ್ಳೆಯ ದಿನ.

ಡಿಸೆಂಬರ್-ಜನವರಿ?

ಹವೆ ನೋಡಿದರೆ ಇದೇ ಚೆಂದದ ಕಾಲ. ಆದರೆ ಘಟ್ಟದ ಮೇಲಿನ ಈ ಕಡೆ ಬೆಳಗಿನ ಚಳಿಗೆ ಸಣ್ಣ ಮಕ್ಕಳು ನೀರಲ್ಲಿ ನಡುಗುತ್ತಾರೆ. ನವೆಂಬರ್, ಡಿಸೆಂಬರ್‌ನಲ್ಲಿ ವಾರದ ದಿನಗಳಲ್ಲೇ ಶಾಲಾ ಪ್ರವಾಸದ ಬಸ್‌ಗಳು ಸಾಲುಗಟ್ಟಿ ಬರುತ್ತವೆ. ಕ್ರಿಸ್ಮಸ್, ಹೊಸ ವರ್ಷದ ವಾರವಂತೂ ಕೇಳಲೇಬೇಡಿ. ಉಳಿಯುವುದು ಜನವರಿ ಮಾತ್ರ. ಅದೂ ಹೆಚ್ಚು ವರ್ಷ ಇಲ್ಲ. 2028ರಲ್ಲಿ ರಮಝಾನ್ ಜನವರಿ ಕೊನೆಗೆ ಬರುತ್ತದೆ. 2030ರಲ್ಲಂತೂ ರಮಝಾನ್ ಎರಡು ಸಲ ಶುರುವಾಗುತ್ತದೆ, ಒಮ್ಮೆ ಜನವರಿ ಮೊದಲ ವಾರ, ಇನ್ನೊಮ್ಮೆ ಡಿಸೆಂಬರ್ ಕೊನೆಗೆ. "ಚಳಿಗಾಲದಲ್ಲಿ ಹೋಗೋಣ" ಎಂದು ಮುಂದೂಡುವ ಮನೆಗಳು ಇದನ್ನು ನೆನಪಿಟ್ಟುಕೊಳ್ಳಲಿ.

ಹೊರಡುವ ಮೊದಲು

ಪಾರ್ಕ್‌ನ ಸಮಯ, ದರ, ಆ ದಿನ ದುರಸ್ತಿಗೆ ನಿಲ್ಲಿಸಿರುವ ಆಟಗಳು, ಇದನ್ನೆಲ್ಲ ಹಿಂದಿನ ದಿನ ಫೋನ್ ಮಾಡಿ ಕೇಳಿ. ಜನ ಕಡಿಮೆ ಇರುವ ಕಾಲದಲ್ಲೇ ದುರಸ್ತಿ ನಡೆಯುವುದು. ಮಕ್ಕಳ ಎತ್ತರ ಮನೆಯಲ್ಲೇ ಅಳೆಯಿರಿ. ಟಿಕೆಟ್ ದರಕ್ಕೂ, ದೊಡ್ಡ ಆಟಗಳಿಗೆ ಬಿಡುವುದಕ್ಕೂ ಎತ್ತರವೇ ಲೆಕ್ಕ. ಇನ್ನೆರಡು ಇಂಚು ಬೆಳೆಯಬೇಕಾದ ಹುಡುಗನನ್ನು ಈ ವರ್ಷ ಕರೆದುಕೊಂಡು ಹೋಗಿ ಅಳಿಸುವುದಕ್ಕಿಂತ ಮುಂದಿನ ಜುಲೈಗೆ ಇಡುವುದು ಒಳ್ಳೇದು.

ನೀರಿನ ಆಟಕ್ಕೆ ಹತ್ತಿಬಟ್ಟೆ ನಡೆಯುವುದಿಲ್ಲ, ನೈಲಾನ್, ಪಾಲಿಯೆಸ್ಟರ್ ಬೇಕು. ಮೈತುಂಬ ಮುಚ್ಚುವ ಈಜುಡುಗೆ ಈಗ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಬಿಡುತ್ತಾರೋ ಎಂದು ಹೆಣ್ಣುಮಕ್ಕಳು ಮೊದಲೇ ವಿಚಾರಿಸಿದರೆ ಅಲ್ಲಿ ಹೋಗಿ ದಡದಲ್ಲಿ ಕೂರುವುದು ತಪ್ಪುತ್ತದೆ. ಲುಹರ್, ಅಸರ್ ಎರಡೂ ಪಾರ್ಕ್‌ನೊಳಗೇ ಆಗುತ್ತವೆ. ಜುಲೈನಲ್ಲಿ ಸೂರ್ಯ ಮುಳುಗುವುದು 6.45 ದಾಟಿದ ಮೇಲೆ, ಹೊರಗೆ ಬಂದು ಮಗ್ರಿಬ್ ಮಾಡಬಹುದು. ನವೆಂಬರ್‌ನಲ್ಲಿ 6 ಗಂಟೆಗೆ ಮೊದಲೇ ಮುಳುಗುತ್ತದೆ. ಪ್ರಯಾಣದ ನಮಾಝಿನ ರಿಯಾಯಿತಿ ಬಗ್ಗೆ ನಿಮ್ಮ ಉಸ್ತಾದರನ್ನು ಕೇಳಿಕೊಳ್ಳಿ.

ಮನೆಯ ಕ್ಯಾಲೆಂಡರ್‌ಗಳನ್ನು ಈಗಲೇ ಒಟ್ಟಿಗೆ ಇಟ್ಟು, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದು ದಿನಕ್ಕೆ ಗುರುತು ಹಾಕಿ. "ನೋಡೋಣ" ಎಂಬ ಉತ್ತರಕ್ಕಿಂತ ಮೂರು ತಿಂಗಳ ಆಚೆಯ ಒಂದು ಬುಧವಾರ ಮಕ್ಕಳಿಗೆ ಹೆಚ್ಚು ಖುಷಿ ಕೊಡುತ್ತದೆ. ಉಪ್ಪನಿಗೆ ರಜೆ ಕೇಳಿಕೊಳ್ಳಲು, ಉಮ್ಮನಿಗೆ ದುಡ್ಡು ಕೂಡಿಡಲು ಅಷ್ಟು ಸಮಯ ಬೇಕೇ ಬೇಕು.