‘ಮಗ’, ‘ಕುಮಾರ’, ‘ಪುತ್ರ’: ಕ್ರೈಸ್ತ ದೇವಪುತ್ರತ್ವದ ಅರ್ಥ ಮತ್ತು ಕೊಂಗುನಾಡಿನ ಕನ್ನಡ

ತಿರುಪ್ಪೂರು ಜಿಲ್ಲೆಯ ಕುನ್ನತ್ತೂರನ್ನು ಒಳಗೊಂಡ ಕೊಂಗುನಾಡಿನಲ್ಲಿ ಕನ್ನಡವು ಬಹುಮಟ್ಟಿಗೆ ಮನೆಮಾತು. ಕೊಯಮತ್ತೂರು–ತಿರುಪ್ಪೂರು ಸೀಮೆಯ ದೇವಾಂಗರು, ಒಕ್ಕಲಿಗರು ಮೊದಲಾದವರಲ್ಲಿ ಅನೇಕರು ಮನೆಯೊಳಗೆ ಕನ್ನಡವನ್ನಾಡಿದರೂ ಅವರ ಓದುಬರಹ ತಮಿಳಿನಲ್ಲಿ ನಡೆಯುತ್ತದೆ. ಇಂಥ ನೆಲದಲ್ಲಿ ಧರ್ಮಶಾಸ್ತ್ರದ ಪದವೊಂದು ಎರಡು ಭಾಷೆಗಳ ಅರ್ಥಛಾಯೆಗಳನ್ನು ಒಟ್ಟಿಗೇ ಹೊತ್ತು ಕಿವಿಗೆ ಬೀಳುತ್ತದೆ. ಕ್ರಿಸ್ತನನ್ನು ‘ದೇವರ ಮಗ’ ಎಂದು ಕರೆಯುವ ಪರಿಭಾಷೆ ಇದಕ್ಕೆ ಒಳ್ಳೆಯ ನಿದರ್ಶನ. ಈ ಮಾತಿನಿಂದ ಕ್ರೈಸ್ತ ದೇವತಾಶಾಸ್ತ್ರವು ಏನನ್ನು ಹೇಳುತ್ತದೆ, ಅದನ್ನು ಹೇಳಲು ನಮ್ಮ ಬಂಧುವಾಚಕಗಳು ಎಷ್ಟರಮಟ್ಟಿಗೆ ಒದಗುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಈ ಪದಗಳಿಗೆ ಇಲ್ಲಿ ದೀರ್ಘವಾದ ಚರಿತ್ರೆಯಿದೆ. 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿ ನೆಲೆನಿಂತು ಕನ್ನಡದಲ್ಲಿ ಬರೆದ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿಯವರ ಮೈಸೂರು ಮಿಷನ್ನಿಗೆ ಕುನ್ನತ್ತೂರಿನ ಉತ್ತರದ ಕಡೆಗಿರುವ ಸತ್ಯಮಂಗಲವೂ ಒಂದು ಕೇಂದ್ರವಾಗಿತ್ತು. ಲಂಡನ್ ಮಿಷನ್ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲಿನ ಅನುವಾದಕ್ಕೆ ಕೈಹಾಕಿದರು. ಅದೇ ಸಂಸ್ಥೆ 1830ರಲ್ಲಿ ಕೊಯಮತ್ತೂರಿನಲ್ಲಿ ಕೆಲಸ ಆರಂಭಿಸಿತು. ಅಲ್ಲಿ ಅದರ ಭಾಷೆ ತಮಿಳಾಯಿತು. ತಮಿಳಿನಲ್ಲಿ ಸೀಗನ್‌ಬಾಲ್ಗ್ ಹೊಸ ಒಡಂಬಡಿಕೆಯನ್ನು 1715ರಷ್ಟು ಹಿಂದೆಯೇ ಅಚ್ಚಿಗೆ ತಂದಿದ್ದರು. ಹೀಗೆ ಒಂದೇ ಬೋಧನೆಯು ಎರಡು ಪದಕೋಶಗಳಲ್ಲಿ ಬೆಳೆಯಿತು. ಕೊಂಗುನಾಡಿನ ಕನ್ನಡಿಗನಿಗೆ ಈ ವಿಷಯದ ಲಿಖಿತ ಪದಗಳು ಸಾಮಾನ್ಯವಾಗಿ ತಮಿಳಿನಿಂದಲೂ ಆಡುಮಾತು ಕನ್ನಡದಿಂದಲೂ ಒದಗುತ್ತವೆ.

ಮೊದಲು ಮೂಲದ ಪ್ರಯೋಗಗಳನ್ನು ಬೇರ್ಪಡಿಸಿಕೊಳ್ಳಬೇಕು. ಹೀಬ್ರೂ ಬೈಬಲಿನಲ್ಲಿ ‘ದೇವರ ಮಗ’ ಎಂಬುದು ಒಬ್ಬನಿಗೇ ಮೀಸಲಾದ ಬಿರುದಲ್ಲ. ವಿಮೋಚನಕಾಂಡವೂ ಹೋಶೇಯನ ಗ್ರಂಥವೂ ಇಸ್ರಾಯೇಲ್ ಜನಾಂಗವನ್ನೇ ದೇವರ ಮಗನೆಂದು ಹೇಳುತ್ತವೆ. ಎರಡನೆಯ ಕೀರ್ತನೆಯಲ್ಲಿ ಅಭಿಷಿಕ್ತನಾದ ಅರಸನು ಮಗ. ಯೋಬನ ಗ್ರಂಥದಲ್ಲಿ ದೇವರ ಸಭೆಯ ದೂತರು ಮಕ್ಕಳು. ಇಲ್ಲೆಲ್ಲ ಪುತ್ರತ್ವವೆಂದರೆ ಆಯ್ಕೆ, ಅಧಿಕಾರ, ವಿಧೇಯತೆ. ಹೊಸ ಒಡಂಬಡಿಕೆಯ ಕಾಲದ ರೋಮನ್ ಜಗತ್ತಿನಲ್ಲಿಯೂ ಈ ಮಾತು ರಾಜಕೀಯವಾಗಿತ್ತು. ಜೂಲಿಯಸ್ ಸೀಸರನಿಗೆ ದೈವತ್ವ ಆರೋಪಿತವಾದ ಮೇಲೆ ಅವನ ದತ್ತುಮಗನಾದ ಆಗಸ್ಟಸ್ ತನ್ನ ನಾಣ್ಯಗಳಲ್ಲಿ ತಾನು ದೈವೀಕೃತನ ಮಗನೆಂದು ಸಾರಿಕೊಂಡನು. ಶಿಲುಬೆಯ ಬುಡದಲ್ಲಿ ರೋಮನ್ ಶತಾಧಿಪತಿಯೊಬ್ಬನ ಬಾಯಲ್ಲಿ ಈ ಬಿರುದನ್ನು ಮಾರ್ಕನ ಸುವಾರ್ತೆ ಇಡುವಾಗ ಅದರ ಧ್ವನಿ ಕೇವಲ ಧಾರ್ಮಿಕವಾಗಿರಲಾರದು.

ಯೋಹಾನನ ಸುವಾರ್ತೆ ಮತ್ತು ಪೌಲನ ಪತ್ರಗಳಲ್ಲಿ ಈ ಮಾತು ಇನ್ನೂ ಆಳಕ್ಕಿಳಿಯುತ್ತದೆ. ಅಲ್ಲಿ ಪುತ್ರತ್ವವು ಕ್ರಿಸ್ತನಿಗೆ ದೊರೆತ ಪದವಿಯೆನ್ನುವುದಕ್ಕಿಂತ ಅವನು ಇರುವ ಬಗೆಯೇ ಆಗುತ್ತದೆ. ಇದರಿಂದ ಕಠಿಣವಾದ ಪ್ರಶ್ನೆಯೊಂದು ಎದ್ದಿತು: ಮಗನಾದವನು ಎಂದೋ ಹುಟ್ಟಿರಬೇಕಲ್ಲವೆ? ಹುಟ್ಟಿದವನು ಹುಟ್ಟುವ ಮೊದಲು ಇರಲಿಲ್ಲವಲ್ಲ? ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಏರಿಯಸ್ ಈ ತರ್ಕವನ್ನೇ ಹಿಡಿದು, ಮಗನು ಎಲ್ಲ ಸೃಷ್ಟಿಗಳಲ್ಲಿ ಶ್ರೇಷ್ಠನಾದರೂ ಸೃಷ್ಟಿಯೇ ಎಂದನು. 325ರ ನೈಸಿಯ ಸಭೆ ಇದನ್ನು ತಳ್ಳಿಹಾಕಿತು. ಮಗನು ತಂದೆಯಿಂದ ಜನಿಸಿದವನು, ಮಾಡಲ್ಪಟ್ಟವನಲ್ಲ. ತಂದೆಯ ತತ್ತ್ವವೇ ಅವನ ತತ್ತ್ವ ಎಂಬುದು ಅದರ ನಿರ್ಣಯದ ಸಾರ. ‘ಹೊಮೊಊಸಿಯೊಸ್’, ಅಂದರೆ ಏಕತತ್ತ್ವನು, ಎಂಬ ಗ್ರೀಕ್ ಪದ ಅಲ್ಲಿ ನಿಂತಿತು. ಇದಕ್ಕೂ ಮುಂಚೆ, ಮೂರನೆಯ ಶತಮಾನದಲ್ಲಿ, ಒರಿಜೆನ್ ಈ ಜನನವು ಕಾಲದಲ್ಲಿ ನಡೆದ ಘಟನೆಯಲ್ಲ, ನಿತ್ಯವಾದ ಸಂಬಂಧ ಎಂದು ಪ್ರತಿಪಾದಿಸಿದ್ದನು. ಸೂರ್ಯನಿದ್ದೊಡನೆ ಪ್ರಭೆಯಿರುತ್ತದೆ, ಪ್ರಭೆಯಿಲ್ಲದ ಸೂರ್ಯನು ಮೊದಲಿದ್ದು ಆಮೇಲೆ ಪ್ರಭೆ ಬಂದುದಲ್ಲ. ಅಥನೇಸಿಯಸನು ಮತ್ತೆ ಮತ್ತೆ ಮೊರೆಹೋದ ಸಾದೃಶ್ಯವಿದು.

ಅಂದರೆ ಬಂಧುವಾಚಕದ ಕೆಲವು ಅರ್ಥಾಂಶಗಳನ್ನು ಈ ದೇವತಾಶಾಸ್ತ್ರವು ಉಳಿಸಿಕೊಳ್ಳುತ್ತದೆ, ಕೆಲವನ್ನು ಬಿಡುತ್ತದೆ. ತಂದೆಯಿಂದ ಬಂದವನು, ತಂದೆಯ ಸ್ವಭಾವವೇ ಉಳ್ಳವನು, ತಂದೆಯ ಪ್ರೀತಿಗೆ ಪಾತ್ರನು, ಅವನ ಸಮಸ್ತಕ್ಕೂ ಬಾಧ್ಯನು ಎಂಬವು ಉಳಿಯುತ್ತವೆ. ದೇಹ, ಈ ಜನನಕ್ಕೊಬ್ಬ ತಾಯಿ, ಮೊದಲು–ಆಮೇಲೆ ಎಂಬ ಕಾಲಕ್ರಮ ಇವು ಬಿದ್ದುಹೋಗುತ್ತವೆ. ಕುರ್‌ಆನಿನ 112ನೆಯ ಅಧ್ಯಾಯವು ದೇವರಿಗೆ ಜನನವನ್ನೂ ಜನಕತ್ವವನ್ನೂ ನಿರಾಕರಿಸುತ್ತದೆ. ದೈಹಿಕ ಜನಕತ್ವವನ್ನು ಕ್ರೈಸ್ತ ಸಿದ್ಧಾಂತವೂ ಒಪ್ಪುವುದಿಲ್ಲ. ಇವೆರಡರ ನಿಜವಾದ ಭಿನ್ನಾಭಿಪ್ರಾಯವಿರುವುದು ದೇವರ ಏಕತ್ವದೊಳಗೆ ಇಂಥದೊಂದು ನಿತ್ಯಸಂಬಂಧವಿರಬಹುದೆ ಎಂಬಲ್ಲಿ.

ಈ ಸೂಕ್ಷ್ಮವನ್ನು ಕನ್ನಡದಲ್ಲಿ ಹೇಳಹೊರಟಾಗ ಮೊದಲು ತೊಡಕಾಗುವುದು ಕ್ರಿಯಾಪದ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಎಂಬ ಗಾದೆಯಲ್ಲಿ ‘ಹುಟ್ಟಿಸು’ ಎಂದರೆ ಸೃಷ್ಟಿಸು. ತಂದೆಯು ಮಗುವನ್ನು ಹುಟ್ಟಿಸಿದನು ಎಂಬಲ್ಲಿಯೂ ಅದೇ ಪದ. ನೈಸಿಯ ಸಭೆ ಎಲ್ಲಿ ಗೆರೆ ಎಳೆಯಿತೋ ಅಲ್ಲಿಯೇ ನಮ್ಮ ಕ್ರಿಯಾಪದ ಎರಡೂ ಬದಿಗೆ ಕಾಲಿಡುತ್ತದೆ. ‘ದೇವರು ಮಗನನ್ನು ಹುಟ್ಟಿಸಿದನು’ ಎಂದ ಕನ್ನಡಿಗನು ತನಗರಿವಿಲ್ಲದೆಯೇ ಏರಿಯಸನ ಪಕ್ಷ ವಹಿಸಿದಂತೆ ಕೇಳಿಸಬಹುದು. ಗ್ರೀಕರಿಗೂ ಇದು ಅಪರಿಚಿತವಲ್ಲ: ಅವರಲ್ಲಿ ‘ಜನಿಸಿದ’ ಮತ್ತು ‘ಉಂಟಾದ’ ಎಂಬರ್ಥದ ಎರಡು ಪದಗಳ ನಡುವೆ ಒಂದು ನಕಾರದಷ್ಟೇ ಅಂತರವಿತ್ತು.

ಎರಡನೆಯ ತೊಡಕು ವಿಶೇಷಣದ್ದು. ಯೋಹಾನನು ಬಳಸುವ ‘ಮೊನೊಗೆನೆಸ್’ ಎಂಬ ಪದವನ್ನು ‘ಏಕೈಕನು’ ಎಂದೂ ‘ಏಕಜಾತನು’ ಎಂದೂ ವ್ಯಾಖ್ಯಾನಿಸಲಾಗಿದೆ. ಜೆರೋಮನ ಲ್ಯಾಟಿನ್ ಭಾಷಾಂತರ ಎರಡನೆಯದನ್ನು ಗಟ್ಟಿಮಾಡಿತು. ಆಧುನಿಕ ವಿದ್ವಾಂಸರಲ್ಲಿ ಬಹುಮಂದಿ ಮೊದಲನೆಯದರ ಕಡೆಗೆ ವಾಲಿದ್ದಾರೆ. ಬಳಕೆಯಲ್ಲಿರುವ ಹಳೆಯ ತಮಿಳು ಬೈಬಲ್ ‘ಒರೇಪೇರಾನ ಕುಮಾರನ್’ ಎನ್ನುತ್ತದೆ. ಅಲ್ಲಿನ ‘ಪೇರು’ ಬಂದಿರುವ ಧಾತುವೇ ನಮ್ಮ ‘ಹೆರು’ ಎಂಬುದರ ಜ್ಞಾತಿ. ಜನನದ ಭಾವ ಅದರಲ್ಲಿ ಎದ್ದು ಕಾಣುತ್ತದೆ. ಕನ್ನಡ ಬೈಬಲ್ ‘ಒಬ್ಬನೇ ಮಗ’ ಎಂದು ಅನನ್ಯತೆಗೆ ಒತ್ತುಕೊಡುತ್ತದೆ. ಎರಡನ್ನೂ ಬಲ್ಲ ಕೊಂಗುನಾಡಿನ ಕನ್ನಡಿಗನಿಗೆ ವ್ಯಾಖ್ಯಾನಕಾರರ ಚರ್ಚೆಯ ಎರಡು ಪಕ್ಷಗಳೂ ತನ್ನ ಎರಡು ಭಾಷೆಗಳಲ್ಲಿಯೇ ಲಭ್ಯವಾಗಿವೆ.

ಮೂರನೆಯದು ನಾಮಪದದ ಆಯ್ಕೆ. ‘ದೇವಕುಮಾರ’ ಎಂಬ ರೂಪ ಎರಡು ಭಾಷೆಗಳಲ್ಲಿಯೂ ರೂಢವಾಗಿದೆ. ಆದರೆ ಚೆನ್ನಿಮಲೈ, ಶಿವನ್‌ಮಲೈ, ಮರುದಮಲೈಗಳ ನಡುವೆ ಬದುಕುವವರಿಗೆ ಕುಮಾರನೆಂದರೆ ಮುರುಗನೇ. ಅವನದು ತಾರಕವಧೆಯ ಉದ್ದೇಶದಿಂದ ನಡೆದ, ಕಥನವುಳ್ಳ ಜನನ. ನೈಸಿಯದ ‘ಜನನ’ಕ್ಕೆ ಕಥೆಯೇ ಇಲ್ಲ. ಹೀಗಿದ್ದೂ ಹೋಲಿಕೆ ನಿಷ್ಫಲವಲ್ಲ: ಸ್ವಾಮಿಮಲೈಯ ಸ್ಥಳಪುರಾಣದಲ್ಲಿ ಮಗನೇ ತಂದೆಗೆ ಪ್ರಣವದ ಅರ್ಥವನ್ನು ಉಪದೇಶಿಸುತ್ತಾನೆ. ಮಗನೆಂದ ಮಾತ್ರಕ್ಕೆ ಕೀಳಲ್ಲ ಎಂಬುದು ಈ ನೆಲದ ಕಿವಿಗೆ ಹೊಸ ಮಾತಲ್ಲ. ಬ್ರಹ್ಮನ ‘ಮಾನಸಪುತ್ರ’ರ ಕಲ್ಪನೆಯೂ ದೇಹರಹಿತ ಜನನಕ್ಕೆ ದಾರಿ ತೋರಿಸುತ್ತದೆ, ಮನಸ್ಸಿನಲ್ಲಿ ಮೂಡುವ ಮಾತಿನಂತೆ ಮಗನು ತಂದೆಯಿಂದ ಹೊರಡುವನೆಂದು ಅಗಸ್ಟಿನ್ ವಿವರಿಸಿದ್ದಕ್ಕೆ ಅದು ಸಮೀಪದ್ದು. ಆದರೆ ಮಾನಸಪುತ್ರರು ಹಲವರು, ಸೃಷ್ಟಿಕ್ರಮದಲ್ಲಿ ಬಂದವರು. ಸಾದೃಶ್ಯ ಅಲ್ಲಿಗೆ ನಿಲ್ಲುತ್ತದೆ.

ಇನ್ನು ವಿಶ್ವಾಸಿಗಳ ಪುತ್ರತ್ವ. ಯೋಹಾನನು ಕ್ರಿಸ್ತನಿಗೆ ಮಾತ್ರ ‘ಹುಯಿಯೋಸ್’, ಮಗ, ಎಂಬುದನ್ನು ಮೀಸಲಿಟ್ಟು ವಿಶ್ವಾಸಿಗಳಿಗೆ ‘ಟೆಕ್ನಾ’, ಮಕ್ಕಳು, ಎನ್ನುತ್ತಾನೆ. ಪೌಲನು ವಿಶ್ವಾಸಿಗಳಿಗೆ ಎರಡನ್ನೂ ಬಳಸುತ್ತಾನೆ. ಕನ್ನಡದಲ್ಲಿ ‘ಮಗ’ ಮತ್ತು ‘ಮಗು’ ಎರಡಕ್ಕೂ ಬಹುವಚನ ‘ಮಕ್ಕಳು’ ಆದುದರಿಂದ ಪೌಲನ ಈ ಭೇದ ಅಳಿಸಿಹೋಗುತ್ತದೆ. ತಮಿಳು ಬೈಬಲ್ ‘ಪುತ್ತಿರರ್’ ಮತ್ತು ‘ಪಿಳ್ಳೈಗಳ್’ ಎಂದು ಅದನ್ನು ಕಾಪಾಡಿದೆ. ಭೇದ ಏಕೆ ಮುಖ್ಯವೆಂದರೆ, ಪೌಲನ ‘ಹುಯಿಯೊಥೆಸಿಯಾ’ ದತ್ತುಸ್ವೀಕಾರದ ಪರಿಭಾಷೆ. ರೋಮನ್ ಕಾನೂನಿನಲ್ಲಿ ದತ್ತುಮಗನಿಗೆ ಪೂರ್ಣ ಬಾಧ್ಯತೆ ಇತ್ತು. ಹೆಂಗಸರನ್ನೂ ದಾಸರನ್ನೂ ಒಳಗೊಂಡ ಸಭೆಗೆ ‘ನೀವೆಲ್ಲರೂ ಪುತ್ರರು’ ಎಂಬರ್ಥದಲ್ಲಿ ಅವನು ಬರೆದಾಗ, ಆಸ್ತಿಯ ಹಕ್ಕಿಲ್ಲದವರಿಗೆ ಆ ಹಕ್ಕನ್ನೇ ಘೋಷಿಸಿದಂತಾಯಿತು. ‘ಮಕ್ಕಳು’ ಎಂದರೆ ವಾತ್ಸಲ್ಯ ಉಳಿಯುತ್ತದೆ, ಹಕ್ಕು ಮಸುಕಾಗುತ್ತದೆ. ರಕ್ತಸಂಬಂಧವನ್ನು ಮೀರಿದ ಮರುಹುಟ್ಟಿನ ಭಾವಕ್ಕೆ ಕನ್ನಡದ ಒಳಗಿನಿಂದಲೇ ಒಂದು ಪದವಿದೆ: ವೀರಶೈವ ಪರಂಪರೆಯಲ್ಲಿ ದೀಕ್ಷೆ ಪಡೆದವನು ‘ಗುರುಕರಜಾತ’. ಎರಡರ ತತ್ತ್ವ ಬೇರೆಯಾದರೂ, ಹುಟ್ಟಿನ ಕುಲವನ್ನು ಕಳಚಿ ಹೊಸ ಮನೆತನಕ್ಕೆ ಸೇರುವ ಅರ್ಥ ಎರಡರಲ್ಲಿಯೂ ಇದೆ.

ಹಾಗಾದರೆ ಯಾವ ಪದ ಸರಿ? ಈ ಬಗೆಯ ಅನುವಾದ ವಿವಾದ ಜಗತ್ತಿನ ಬೇರೆಡೆಯೂ ಎದ್ದಾಗ, ವರ್ಲ್ಡ್ ಇವ್ಯಾಂಜೆಲಿಕಲ್ ಅಲಯನ್ಸ್ ನೇಮಿಸಿದ ತಜ್ಞರ ಮಂಡಲಿಯು 2013ರಲ್ಲಿ, ದೇವರ ವಿಷಯದಲ್ಲಿ ‘ತಂದೆ’, ‘ಮಗ’ ಎಂಬುವಕ್ಕೆ ಆಯಾ ಭಾಷೆಯ ನೇರವಾದ ಕುಟುಂಬವಾಚಕಗಳನ್ನೇ ಬಳಸಬೇಕು, ಅಗತ್ಯವಿದ್ದರೆ ವಿಶೇಷಣ ಸೇರಿಸಬಹುದು ಎಂದು ಶಿಫಾರಸು ಮಾಡಿತು. ಈಚಿನ ತಮಿಳು ಭಾಷಾಂತರವು ‘ಇರೈಮಗನ್’ ಎಂದು ‘ಮಗ’ನ ಜ್ಞಾತಿಪದಕ್ಕೆ ಮರಳಿರುವುದೂ ಇದೇ ದಿಕ್ಕಿನದು. ಕನ್ನಡಕ್ಕೂ ಇದು ಹೊಂದುತ್ತದೆ: ಸಂಬಂಧವನ್ನು ಹೇಳಲು ‘ಮಗ’, ವಿಶ್ವಾಸಿಗಳ ಹಕ್ಕನ್ನು ಹೇಳಲು ‘ಪುತ್ರರು’, ವಾತ್ಸಲ್ಯವನ್ನು ಹೇಳಲು ‘ಮಕ್ಕಳು’, ‘ಹುಟ್ಟಿಸು’ ಎಂಬುದನ್ನು ಮಾತ್ರ ಈ ಪ್ರಸಂಗದಲ್ಲಿ ಬಿಡುವುದು ಲೇಸು.

ಮನೆಮಾತಾಗಿ ಮಾತ್ರ ಉಳಿದ ಭಾಷೆಗೆ ಗಹನವಾದ ವಿಷಯ ಹೇಳುವ ಶಕ್ತಿಯಿಲ್ಲವೆಂಬ ಭಾವನೆ ಅಲ್ಪಸಂಖ್ಯಾತ ಭಾಷಿಕರಲ್ಲಿ ಸುಲಭವಾಗಿ ಬೇರೂರುತ್ತದೆ. ‘ಮಗ’ ಎಂಬುದು ಅಡುಗೆಮನೆಯ ಮಾತು, ದೇವರಿಗೆ ‘ಕುಮಾರ’ನೇ ಸಲ್ಲಬೇಕು ಎಂಬ ನಿಲುವು ಅದರ ಫಲ. ಹೊಸ ಒಡಂಬಡಿಕೆಯ ಸಾಕ್ಷ್ಯ ಇದಕ್ಕೆ ವಿರುದ್ಧವಾಗಿದೆ. ಅದು ಗ್ರೀಕಿನಲ್ಲಿ ಬರೆದ ಗ್ರಂಥ. ಆದರೂ ಪುತ್ರತ್ವದ ತಿರುಳನ್ನು ಹೇಳುವ ಮೂರು ಕಡೆ, ಗೆತ್ಸೆಮನೆಯ ಪ್ರಾರ್ಥನೆಯಲ್ಲಿಯೂ ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿಯೂ, ‘ಅಬ್ಬಾ’ ಎಂಬ ಅರಮಾಯಿಕ್ ಪದವನ್ನು ಹಾಗೆಯೇ ಉಳಿಸಿಕೊಂಡಿದೆ. ಮಕ್ಕಳೂ ಬೆಳೆದವರೂ ತಂದೆಯನ್ನು ಕರೆಯುತ್ತಿದ್ದ ಮನೆಯ ಪದವದು. ಆಳುವ ಭಾಷೆಯ ನಡುವೆ ಮನೆಮಾತಿನ ಒಂದು ಕರೆಯನ್ನು ಅನುವಾದಿಸದೆ ಬಿಟ್ಟ ಆ ಬರಹಗಾರರಿಗೆ, ದೇವಪುತ್ರತ್ವದ ಅರ್ಥ ಅದರಲ್ಲಿಯೇ ಇದೆಯೆಂಬುದು ತಿಳಿದಿತ್ತು. ಕೊಂಗುನಾಡಿನ ಕನ್ನಡದ ಬಂಧುವಾಚಕಗಳನ್ನು ದಾಖಲಿಸುವವರು ಅವು ದೇವರ ವಿಷಯದಲ್ಲಿ ಹೇಗೆ ಬಳಕೆಯಾಗುತ್ತವೆ ಎಂಬುದನ್ನೂ ದಾಖಲಿಸುವುದು ಆದುದರಿಂದಲೇ ಅವಶ್ಯ.