ಸಿಮೆಂಟ್ ಶೀಟು ಇಳಿಸುವ ಮುನ್ನ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದಲ್ಲಿ ‘ಸಿಮೆಂಟ್ ಶೀಟು’ ಎಂದು ಕರೆಯುವ ಬೂದು ಬಣ್ಣದ ಏರಿಳಿತದ ಹಾಳೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಉಳಿದದ್ದು ಬಹುಪಾಲು ಸಿಮೆಂಟ್. ಹಿತ್ತಲ ಬಚ್ಚಲು, ದನದ ಕೊಟ್ಟಿಗೆ, ಗೋವಿನಜೋಳ ತುಂಬುವ ಕೋಣೆ ಎಲ್ಲಕ್ಕೂ ಅಗ್ಗದ ಹೊದಿಕೆ ಇದೇ. ಇಂಥ ಮನೆಗಳೆಷ್ಟು ಎಂಬ ಪ್ರತ್ಯೇಕ ಲೆಕ್ಕ 2011ರ ಜನಗಣತಿಯಲ್ಲೂ ಸಿಗುವುದಿಲ್ಲ. ಅದು ತಗಡು ಮತ್ತು ಕಲ್ನಾರಿನ ಛಾವಣಿಗಳನ್ನು ಒಂದೇ ಗುಂಪಿಗೆ ಸೇರಿಸಿ ಎಣಿಸಿತು.

ಕಲ್ನಾರಿನ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು. ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶದಲ್ಲಿ ಕರಗದೆ ಉಳಿಯುತ್ತದೆ. ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಮೆಸೊಥೀಲಿಯೋಮ ಎಂಬ ಕಾಯಿಲೆಗಳು ತಲೆದೋರಲು 20ರಿಂದ 40 ವರ್ಷ ಹಿಡಿಯುವುದರಿಂದ, ಶೀಟು ಒಡೆದ ದಿನಕ್ಕೂ ರೋಗಕ್ಕೂ ನಂಟು ಕಲ್ಪಿಸುವವರೇ ಇರುವುದಿಲ್ಲ. ಬೀಡಿ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚು. ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಯಲ್ಲಿ ಕಲ್ನಾರನ್ನು ನಿಷೇಧಿಸಿದವು. ಭಾರತ 1986ರಿಂದ ಹೊಸ ಗಣಿ ಗುತ್ತಿಗೆ ಕೊಡುವುದನ್ನು ನಿಲ್ಲಿಸಿದರೂ ರಷ್ಯಾ ಮುಂತಾದ ದೇಶಗಳಿಂದ ಕಲ್ನಾರು ತರಿಸಿ ಶೀಟು ಮಾಡುವುದನ್ನು ಬಿಡಲಿಲ್ಲ.

ಹಾಗೆಂದು ನಾಳೆಯೇ ಛಾವಣಿ ಕೀಳಬೇಕಾಗಿಲ್ಲ. ಸಿಮೆಂಟಿನ ಹಿಡಿತದಲ್ಲಿ ಗಟ್ಟಿಯಾಗಿ ಕುಳಿತ ಎಳೆ ಗಾಳಿಗೆ ಏಳುವುದು ಕಡಿಮೆ. ಕೊರೆದಾಗ, ಕತ್ತರಿಸಿದಾಗ, ಒಡೆದಾಗ, ಪಾಚಿ ತೆಗೆಯಲು ಗಸಗಸ ಉಜ್ಜಿದಾಗ ಎಳೆಗಳು ಬಿಡಿಸಿಕೊಳ್ಳುತ್ತವೆ. ಬಿರುಕಿಲ್ಲದ ಶೀಟನ್ನು ಮುಟ್ಟದೆ ಬಿಡುವುದೇ ಜಾಣತನ. ಮಳೆಗಾಳಿಗೆ ಸಿಕ್ಕು ಅಥವಾ ಮಂಗಗಳು ಜಿಗಿದು ಒಡೆದದ್ದನ್ನು, ಅಂಚು ಪುಡಿಯಾಗುತ್ತಿರುವುದನ್ನು ಇಳಿಸಬೇಕು. ಕಲ್ನಾರಿಲ್ಲದ ಸಿಮೆಂಟ್ ಹಾಳೆಗಳೂ ಮಾರುಕಟ್ಟೆಯಲ್ಲಿವೆ. ನೋಡಿ ಗುರುತಿಸಲಾಗದು, ಪ್ರಯೋಗಾಲಯದ ಪರೀಕ್ಷೆ ಬೇಕು. ಪರೀಕ್ಷೆ ಆಗದಿದ್ದರೆ ಕಲ್ನಾರು ಇದೆಯೆಂದೇ ತಿಳಿದು ನಡೆಯಬೇಕು.

ಮೊದಲ ಅಪಾಯ ದೂಳಿನದಲ್ಲ, ಬೀಳುವುದರದು. ಹಳೆಯ ಶೀಟು ಆಳಿನ ಭಾರ ತಾಳದೆ ಸೀಳುತ್ತದೆ. ಅದರ ಮೇಲೆ ಕಾಲಿಡದೆ ಕೆಳಗಿನಿಂದ, ಭದ್ರವಾದ ಅಟ್ಟಣಿಗೆಯ ಮೇಲೆ ನಿಂತು ಬಿಚ್ಚುವುದು ಲೇಸು. ಗಾಳಿ ಇಲ್ಲದ ಬೆಳಗಿನ ಹೊತ್ತು ಒಳ್ಳೆಯದು. ಅದಕ್ಕೂ ಮೊದಲು ಮಕ್ಕಳನ್ನು, ದನಕರುಗಳನ್ನು ದೂರ ಕಳಿಸಿ, ಕಾಳುಕಡಿ, ಪಾತ್ರೆ ಹೊರಗಿಟ್ಟು, ಬಾವಿ, ನೀರಿನ ತೊಟ್ಟಿ ಮುಚ್ಚಿ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಬೇಕು. ಮುಖಕ್ಕೆ ಸುತ್ತಿದ ಟವೆಲ್ ಎಳೆಯನ್ನು ತಡೆಯದು. ಕನಿಷ್ಠ ಎನ್95, ಸಾಧ್ಯವಾದರೆ ಎಫ್‌ಎಫ್‌ಪಿ3 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು, ಗಡ್ಡವಿದ್ದರೆ ಕೂರದು.

ಇಡೀ ಕೆಲಸದ ಕೀಲಿ ನೀರು. ಸ್ವಲ್ಪ ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿದ ನೀರನ್ನು ಕೈಪಂಪಿನಿಂದ ಹಗುರವಾಗಿ ಸಿಂಪಡಿಸಿ ಶೀಟಿನ ಎರಡೂ ಮೈ ನೆನೆಸಬೇಕು. ರಭಸದ ಪೈಪಿನ ನೀರು ಎಳೆಗಳನ್ನೇ ಕಿತ್ತು ಹರಡುತ್ತದೆ. ಬೆಳೆಗೆ ಔಷಧಿ ಹೊಡೆದ ಪಂಪನ್ನು ಇದಕ್ಕೆ ಬಳಸಕೂಡದು. ತುಕ್ಕು ಹಿಡಿದ ಜೆ ಬೋಲ್ಟ್‌ಗಳ ನಟ್ಟಿಗೆ ಎಣ್ಣೆ ಬಿಟ್ಟು ಸಡಿಲಿಸಬೇಕು, ಬಾರದಿದ್ದರೆ ಬೋಲ್ಟನ್ನೇ ಕತ್ತರಿಸಬೇಕು. ಸುತ್ತಿಗೆ, ಗ್ರೈಂಡರ್ ಶೀಟಿಗೆ ತಾಕಬಾರದು. ಮೂರು ಮೀಟರಿನ ಹಾಳೆ ಸುಮಾರು 40 ಕೆ.ಜಿ. ತೂಗುತ್ತದೆ. ಅದನ್ನು ಕೆಳಗೆ ಎಸೆಯದೆ ಕೈಯಿಂದ ಕೈಗೆ ಇಳಿಸಲು ಮೂರ್ನಾಲ್ಕು ಜನ ಬೇಕು. ಇಳಿಸಿದ್ದನ್ನು ಒದ್ದೆಯಾಗಿಯೇ 200 ಮೈಕ್ರಾನ್ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪು ಹಚ್ಚಿ, ಮೇಲೆ ‘ಕಲ್ನಾರು, ಬಿಚ್ಚಬಾರದು’ ಎಂದು ಬರೆಯಬೇಕು. ಚೂರುಗಳಿಗೂ ಇದೇ ಕ್ರಮ. ಒಣ ಕಸಬರಿಗೆ ಮುಟ್ಟದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಕಟ್ಟಬೇಕು. ಕೆಲಸಗಾರರು ಬಟ್ಟೆ ಜಾಡಿಸದೆ ಕಳಚಿ ಸ್ನಾನ ಮಾಡಬೇಕು. ಮಾಸ್ಕ್ ತೆಗೆಯುವುದು ಕೊನೆಗೆ.

ತೊಡಕಿರುವುದು ವಿಲೇವಾರಿಯಲ್ಲಿ. ಇಳಿಸಿದ ಹಾಳೆ ಮರುದಿನ ಹಿತ್ತಲ ಬೇಲಿಯಾಗುತ್ತದೆ, ಒಡೆದದ್ದು ರಸ್ತೆಯ ತಗ್ಗು ತುಂಬುತ್ತದೆ, ಇಲ್ಲವೇ ತಿಪ್ಪೆ ಸೇರಿ ಗೊಬ್ಬರದೊಡನೆ ಹೊಲಕ್ಕೆ ಹೋಗುತ್ತದೆ. ಚಕ್ಕಡಿ, ಟ್ರ್ಯಾಕ್ಟರ್ ಹಾಯ್ದಂತೆಲ್ಲ ಅದು ಪುಡಿಯಾಗುತ್ತಲೇ ಇರುತ್ತದೆ. ಕಲ್ನಾರು ತ್ಯಾಜ್ಯದ ವಿಲೇವಾರಿಗೆ 1986ರಲ್ಲೇ ಐಎಸ್ 11768 ಎಂಬ ಭಾರತೀಯ ಮಾನಕದ ಮಾರ್ಗಸೂಚಿ ಹೊರಬಂದಿದೆ. ಅಪಾಯಕಾರಿ ತ್ಯಾಜ್ಯ ಹೂಳುವ ಘಟಕ ಇರುವುದು ಬೆಂಗಳೂರು ಸಮೀಪದ ದಾಬಸ್‌ಪೇಟೆಯಲ್ಲಿ, ಹಾವೇರಿ ಜಿಲ್ಲೆಯಿಂದ ಸುಮಾರು 300 ಕಿ.ಮೀ. ದೂರ. ಹತ್ತು ಹಾಳೆಗಾಗಿ ಒಂದು ಮನೆಯವರು ಲಾರಿ ಹೂಡಲಾರರು. ಪುರಸಭೆ ಅಥವಾ ಗ್ರಾಮ ಪಂಚಾಯಿತಿ ಹಲವು ಮನೆಗಳ ಕಟ್ಟುಗಳನ್ನು ಒಂದೆಡೆ ಸೇರಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿಕೊಂಡು ಸಾಗಿಸಿದರೆ ಮಾತ್ರ ಖರ್ಚು ಹಂಚಿಹೋಗುತ್ತದೆ. ಅಲ್ಲಿಯವರೆಗೆ ಕಟ್ಟುಗಳನ್ನು ಬಿಚ್ಚದೆ, ಮಕ್ಕಳ ಕೈಗೆ ಸಿಗದ ನೆರಳಿನಲ್ಲಿಡಬೇಕು. ಬಿಸಿಲಿಗೆ ಪ್ಲಾಸ್ಟಿಕ್ ಬೇಗ ಹರಿಯುತ್ತದೆ.