ಪರಂಗಿ ಭಾಷೆಗೆ ಅಜ್ಜಿಯೇ ಮೇಷ್ಟ್ರು

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನಿಂದ ಅರಸೀಕೆರೆಗೆ ಬರುವ ರೈಲುಗಳಲ್ಲಿ ಅಜ್ಜಿ ಮನೆಗೆ ಹೊರಟ ಮಕ್ಕಳದೇ ಗಲಾಟೆ. ಈಚೆಗೆ ಕೆಲವರ ಬ್ಯಾಗಿನಲ್ಲಿ ಫ್ರೆಂಚ್ ಪುಸ್ತಕವೂ ಇರುತ್ತದೆ. ಜೊತೆಗೆ, ಊರಿನಲ್ಲಿ ಡಿಗ್ರಿ ಮುಗಿಸಿ ಕೂತಿರುವ ಅಕ್ಕನಿಗೋ ಅಣ್ಣನಿಗೋ ಫೋನಿನಲ್ಲಿ ಒಂದು ಆದೇಶ: ‘ಹೇಗೂ ಮನೇಲೇ ಇರ್ತೀಯಲ್ಲ, ಸ್ವಲ್ಪ ಪ್ರಾಕ್ಟೀಸ್ ಮಾಡಿಸು.’ ‘ಹೇಗೂ ಮನೇಲೇ ಇರ್ತೀಯಲ್ಲ’ ಅನ್ನುವ ಮಾತು ಕೆಲಸ ಹುಡುಕುವವರಿಗೆ ಎಲ್ಲಿ ಚುಚ್ಚುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನನಗೆ ಈ ಆದೇಶ ಬಂದದ್ದು ಚಿಕ್ಕಮ್ಮನಿಂದ. ಬಿ.ಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನನಗೆ ಫ್ರೆಂಚ್‌ನ ಒಂದಕ್ಷರವೂ ಗೊತ್ತಿರಲಿಲ್ಲ. ಚಿಕ್ಕಮ್ಮನ ಮಗಳಿಗೆ ಹದಿಮೂರು ವರ್ಷ, ಎಂಟನೇ ತರಗತಿ. ಎರಡು ವರ್ಷದಿಂದ ಮೂರನೇ ಭಾಷೆಯಾಗಿ ಫ್ರೆಂಚ್ ಓದುತ್ತಿದ್ದಾಳೆ, ಒಳ್ಳೆಯ ಅಂಕವೂ ಬರುತ್ತದೆ. ಆದರೆ ಒಂದು ವಾಕ್ಯವನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ಅವಳ ಶಾಲೆಯಲ್ಲಿ ಒಂಬತ್ತಕ್ಕೆ ಹೋಗುವಾಗ ಇಂಗ್ಲಿಷ್ ಜೊತೆ ಕನ್ನಡ ಅಥವಾ ಫ್ರೆಂಚ್, ಎರಡರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕಂತೆ. ಕನ್ನಡ ಮಾತಾಡುತ್ತಾಳೆ, ಓದುವಾಗ ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ. ಅಂಕದ ಲೆಕ್ಕದಲ್ಲಿ ಫ್ರೆಂಚೇ ಸಲೀಸು ಎಂದು ಚಿಕ್ಕಪ್ಪ ಆಗಲೇ ನಿರ್ಧರಿಸಿದ್ದರು. ಪಿಯುಸಿಯಲ್ಲಿ ಇದೇ ಲೆಕ್ಕ ಹಾಕಿ ಕನ್ನಡ ಬಿಟ್ಟ ಗೆಳೆಯರು ನಿಮಗೂ ಇರಬಹುದು.

ಅಜ್ಜಿ ಮಾತ್ರ ಬಂದ ದಿನವೇ ರಾಗ ತೆಗೆದರು. ‘ಕನ್ನಡನೇ ನೆಟ್ಟಗೆ ಓದಕ್ಕೆ ಬರಲ್ಲ, ಅದೇನು ಪರಂಗಿ ಭಾಷೆ ಕಲಿಸ್ತೀಯೇ?’

ಅಜ್ಜಿ ಬೈಗುಳಕ್ಕೆಂದು ಬಳಸಿದ ಪದ ಸರಿಯಾದದ್ದೇ ಆಗಿತ್ತು. ಪರಂಗಿ ಅನ್ನುವುದು ‘ಫ್ರಾಂಕ್’ ಎಂಬ ಜನಾಂಗದ ಹೆಸರಿನಿಂದ, ಪಾರಸಿಯ ‘ಫರಂಗಿ’ ಮೂಲಕ ನಮಗೆ ಬಂದದ್ದು. ಫ್ರಾನ್ಸ್ ದೇಶದ ಹೆಸರಿಗೂ ಮೂಲ ಅದೇ. ಹಿತ್ತಲಲ್ಲಿ ಬಿಡುವ ಪರಂಗಿ ಹಣ್ಣಿನಲ್ಲೂ ಅದೇ ಹೆಸರಿದೆ. ಇನ್ನು ನಮ್ಮ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿತ್ತು. ಹೈದರ್ ಮತ್ತು ಟಿಪ್ಪುವಿನ ಬಳಿ ಇದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರು. ಅಷ್ಟೇನೂ ದೂರದ ಭಾಷೆಯಲ್ಲ.

ಮೊದಲ ವಾರ ಅವಳ ಪುಸ್ತಕ ತೆರೆದು ಕೂತಾಗ ನನಗೆ ಕಂಡದ್ದು ಒಂದೇ ತೊಡಕು. ಫ್ರೆಂಚ್ ಅನ್ನು ಅವಳಿಗೆ ಇಂಗ್ಲಿಷ್ ಮೂಲಕ ಕಲಿಸಲಾಗಿತ್ತು. ‘ತು’ ಅಂದರೆ ‘ಯು’, ‘ವು’ ಅಂದರೂ ‘ಯು’. ಯಾವುದನ್ನು ಯಾವಾಗ ಬಳಸಬೇಕೆಂದು ಅವಳು ಅರ್ಧ ಪುಟ ನಿಯಮ ಬರೆದುಕೊಂಡಿದ್ದಳು. ಕನ್ನಡದಲ್ಲಿ ಹೇಳಿದರೆ ಎರಡೇ ಪದ: ನೀನು, ನೀವು. ಅಜ್ಜಿಗೆ ನೀವು, ತಮ್ಮನಿಗೆ ನೀನು. ನಿಯಮ ಅವಳ ನಾಲಿಗೆಯಲ್ಲೇ ಇತ್ತು. ಫ್ರೆಂಚಿನ ತ, ದ ಹೇಳುವಾಗ ನಾಲಿಗೆ ಹಲ್ಲಿಗೆ ತಗಲುತ್ತದೆ, ಥೇಟ್ ನಮ್ಮ ತ, ದ. ಇಂಗ್ಲಿಷ್ ದಾರಿಯಲ್ಲಿ ಹೋದರೆ ಅದು ಟ, ಡ ಆಗಿಬಿಡುತ್ತದೆ. ‘ಮಾತಾಡುತ್ತೇವೆ’, ‘ಮಾತಾಡುತ್ತೀರಿ’ ಎಂದು ಕ್ರಿಯಾಪದದ ಬಾಲ ಬದಲಾಗುವುದು ನಮಗೆ ಹೊಸದಲ್ಲ. ಅವರಲ್ಲೂ ‘ಪಾರ್ಲೋಂ’, ‘ಪಾರ್ಲೆ’ ಎಂದು ಬದಲಾಗುತ್ತದೆ.

ಇನ್ನು ಸಂಧಿ! ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆಗುವಂತೆ ‘ಲಾ’ ಮತ್ತು ‘ವಿಲ್’ ಸೇರಿ ‘ಲ್ವಿಲ್’ ಆಗುತ್ತದೆ. ಎಣ್ಣೆ ಎಂದರ್ಥ. ಲೋಪಸಂಧಿಯಲ್ಲದೆ ಇನ್ನೇನು? ‘ಲೆ’ ಮತ್ತು ‘ಆಮಿ’ ಸೇರಿದರೆ ನಡುವೆ ಝಕಾರ ಬಂದು ‘ಲೆಝಾಮಿ’, ಗೆಳೆಯರು. ಇದು ನಮ್ಮ ಆಗಮಸಂಧಿಯ ಸ್ವಂತ ತಮ್ಮನಲ್ಲ, ದಾಯಾದಿ ಅನ್ನಬಹುದು. ಏಕೆಂದರೆ ಆ ಧ್ವನಿ ಬರವಣಿಗೆಯಲ್ಲಿ ಮೊದಲೇ ಅಡಗಿ ಕೂತಿರುತ್ತದೆ. ಹೈಸ್ಕೂಲಿನಲ್ಲಿ ಉರುಹೊಡೆದ ಸಂಧಿ ಪ್ರಕರಣ ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ನನಗೆ ಇದೇ ಮೊದಲು.

ಅಜ್ಜಿ ಆಟಕ್ಕೆ ಇಳಿದದ್ದು ಎರಡನೇ ವಾರ. ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸೋಣ ಎಂದು ಹುಡುಗಿ ಹೊರಟಳು. ಅಜ್ಜಿಗೆ ಇಂಗ್ಲಿಷ್ ಅಕ್ಷರ ಬಾರದು. ಹಾಗಾಗಿ ಚೀಟಿಯ ಒಂದು ಬದಿ ಫ್ರೆಂಚ್ ಕಾಗುಣಿತ, ಇನ್ನೊಂದು ಬದಿ ಅದರ ಉಚ್ಚಾರ ಕನ್ನಡ ಲಿಪಿಯಲ್ಲಿ. ಸಕ್ಕರೆ ‘ಲ ಸ್ಯುಕ್ರ್’, ಉಪ್ಪು ‘ಲ ಸೆಲ್’, ಹಾಲು ‘ಲ ಲೆ’, ತೆಂಗಿನಕಾಯಿ ‘ಲಾ ನ್ವಾ ದ ಕೊಕೊ’. ಬರೆಯುವವಳು ಅವಳೇ ಆಗಬೇಕೆಂಬ ಷರತ್ತು ಹಾಕಿದೆವು. ‘ಕ್ರ್’, ‘ನ್ವಾ’, ‘ಸ್ಯು’ ಬರೆಯಬೇಕೆಂದರೆ ಒತ್ತಕ್ಷರ ಬಾರದೆ ವಿಧಿಯಿಲ್ಲ. ಎರಡು ವರ್ಷ ತಪ್ಪಿಸಿಕೊಂಡು ತಿರುಗಿದ ಒತ್ತಕ್ಷರಗಳನ್ನು ಅವಳು ಫ್ರೆಂಚ್ ನೆಪದಲ್ಲಿ ಹತ್ತು ದಿನಕ್ಕೆ ಕಲಿತಳು.

ಫ್ರೆಂಚಿನಲ್ಲಿ ಜೀವವಿಲ್ಲದ ವಸ್ತುವಿಗೂ ಲಿಂಗವಿದೆ. ಮೇಜು ಹೆಣ್ಣು, ಪುಸ್ತಕ ಗಂಡು. ‘ಅಕ್ಕಾ, ಮೇಜು ಯಾಕೆ ಹುಡುಗಿ?’ ಎಂದರೆ ನನ್ನ ಬಳಿ ಉತ್ತರವಿಲ್ಲ. ಕನ್ನಡದಲ್ಲಿ ಅವೆಲ್ಲ ನಪುಂಸಕಲಿಂಗ. ಇಲ್ಲಿ ಕನ್ನಡ ಕೈಕೊಡುತ್ತದೆ. ಪದದ ಜೊತೆಗೇ ‘ಲ’ ಅಥವಾ ‘ಲಾ’ ಸೇರಿಸಿ ಕಲಿಯುವುದೊಂದೇ ದಾರಿ. ಅಜ್ಜಿ ಅದಕ್ಕೊಂದು ಉಪಾಯ ಮಾಡಿದರು: ‘ಲಾ’ ಇರುವ ಚೀಟಿಗೆ ಕುಂಕುಮ, ‘ಲ’ ಇರುವುದಕ್ಕೆ ವಿಭೂತಿ. ಎಣ್ಣೆಯ ಚೀಟಿಯಲ್ಲಿ ಸಂಧಿ ಲಿಂಗವನ್ನೇ ನುಂಗಿದ್ದರಿಂದ ನಿಘಂಟು ನೋಡಿ ಕುಂಕುಮ ಇಟ್ಟೆವು.

ಅಜ್ಜಿ ಕಲಿತದ್ದು ಮೂರೇ ಪ್ರಶ್ನೆ. ‘ಕೆಸ್ ಕ ಸೆ?’ ಇದೇನು. ‘ಕೋಂಬ್ಯಾಂ?’ ಎಷ್ಟು. ‘ಪುರ್‌ಕ್ವಾ?’ ಯಾಕೆ. ಭಾಷೆ ಗೊತ್ತಿಲ್ಲದವರು ಮಕ್ಕಳಿಗೆ ಅಭ್ಯಾಸ ಮಾಡಿಸಲು ಇವು ಸಾಕು. ಮೊದಲಿನದಕ್ಕೆ ಒಂದು ಪದದ ಉತ್ತರ ನಡೆಯುತ್ತದೆ, ‘ಪುರ್‌ಕ್ವಾ’ಗೆ ಮಾತ್ರ ವಾಕ್ಯವೇ ಬೇಕು. ಅಜ್ಜಿಗೆ ಉತ್ತರ ಅರ್ಥವಾಗುತ್ತಿರಲಿಲ್ಲ, ಅದೇ ಒಳ್ಳೆಯದಾಯಿತು. ಹುಡುಗಿ ಅದನ್ನು ಕನ್ನಡದಲ್ಲಿ ವಿವರಿಸಬೇಕಿತ್ತು. ತಪ್ಪು ಹಿಡಿಯುವವರು ಎದುರಿಗಿಲ್ಲದ ಕಾರಣ ನಾಚಿಕೆಯೂ ಬಿಟ್ಟಿತು.

‘ಕೋಂಬ್ಯಾಂ’ನಿಂದ ಲೆಕ್ಕ ಶುರುವಾಯಿತು. ಅಟ್ಟದ ಮೇಲೆ ಕೊಬ್ಬರಿಗೆಂದು ಒಣಗಲು ಬಿಟ್ಟ ಕಾಯಿಗಳನ್ನು ಇಳಿಸುವಾಗ ಫ್ರೆಂಚ್‌ನಲ್ಲಿ ಎಣಿಸುವುದು. ಅರವತ್ತೊಂಬತ್ತರವರೆಗೆ ಸುಖ. ಎಪ್ಪತ್ತಕ್ಕೆ ‘ಅರವತ್ತು ಹತ್ತು’, ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’, ತೊಂಬತ್ತೇಳಕ್ಕೆ ‘ನಾಲ್ಕು ಇಪ್ಪತ್ತು ಹದಿನೇಳು’ ಎನ್ನಬೇಕು! ಬೆಲ್ಜಿಯಂ, ಸ್ವಿಟ್ಜರ್ಲೆಂಡಿನ ಫ್ರೆಂಚ್‌ನಲ್ಲಿ ಎಪ್ಪತ್ತು, ತೊಂಬತ್ತಕ್ಕೆ ಸರಳ ಪದಗಳಿವೆ ಎಂದು ತಿಳಿದಾಗ ಅವಳಿಗೆ ಆ ದೇಶಗಳ ಮೇಲೆ ಪ್ರೀತಿ ಬಂತು. ಸಂಜೆ ನಮ್ಮ ಜಂಕ್ಷನ್ನಿಗೆ ಹೋಗಿ, ಘೋಷಣೆಯಾಗುವ ರೈಲಿನ ನಂಬರು, ಪ್ಲಾಟ್‌ಫಾರಂ, ಹೊತ್ತನ್ನು ಫ್ರೆಂಚಿಗೆ ತಿರುಗಿಸುವ ಆಟವನ್ನೂ ಆಡಿದೆವು. ಹುಬ್ಬಳ್ಳಿ ಕಡೆಯ ಗಾಡಿ, ಹಾಸನದ ಕಡೆಯ ಗಾಡಿ, ಎರಡೂ ಸಿಗುವ ಊರಲ್ಲಿ ಈ ಪಾಠಕ್ಕೆ ಬರವಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಕನ್ನಡ ಲಿಪಿ ಊರುಗೋಲು ಮಾತ್ರ. ‘ತು’ ಎಂದು ನಾವು ಬರೆಯುವ ಪದದ ಸ್ವರ ನಮ್ಮ ಉ ಅಲ್ಲ. ಬಾಯೊಳಗೆ ಈ ಎನ್ನುತ್ತಾ ತುಟಿಯನ್ನು ಊ ಎನ್ನುವಂತೆ ಮುಂದೆ ಮಾಡಿದರೆ ಬರುವ ಧ್ವನಿ ಅದು. ಮೂಗಿನ ಸ್ವರಗಳೂ ಬರೀ ಸೊನ್ನೆಗೆ ದಕ್ಕುವುದಿಲ್ಲ. ಕಿವಿಗೆ ನಿಜವಾದ ಫ್ರೆಂಚ್ ಬೀಳಬೇಕು. ಟಿವಿ5ಮೋಂದ್ ಜಾಲತಾಣದಲ್ಲಿ ಮಟ್ಟಕ್ಕೆ ತಕ್ಕ ವಿಡಿಯೊ ಅಭ್ಯಾಸಗಳು ಉಚಿತವಾಗಿವೆ. ಆರ್‌ಎಫ್‌ಐ ರೇಡಿಯೊ ಸುಲಭ ಫ್ರೆಂಚ್‌ನಲ್ಲಿ ವಾರ್ತೆ ಕೊಡುತ್ತದೆ, ಅದು ಸ್ವಲ್ಪ ಮುಂದುವರಿದವರಿಗೆ. ನಾವು ದಿನಕ್ಕೆ ಹದಿನೈದು ನಿಮಿಷ ಕೇಳಿ, ಕೇಳಿದ್ದನ್ನು ಹಾಗೇ ಹಿಂದೆಯೇ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆವು.

ಮೇ ತಿಂಗಳಲ್ಲಿ ಒಂದು ದಿನ ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋದೆವು. ಹೊಯ್ಸಳೇಶ್ವರ ಗುಡಿಯ ಕೆಳಸಾಲಿನ ಆನೆಗಳೇ ಮೊದಲ ಪಾಠ. ಒಂದು ಆನೆ ‘ಅಂ ನೆಲೆಫಾಂ’, ಎರಡು ‘ದೊಝೆಲೆಫಾಂ’. ಮತ್ತೆ ಸಂಧಿ. ಬೇಲೂರಿನಲ್ಲಿ, ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ಗುಡಿಯ ಮದನಿಕೆಯರ ಮುಂದೆ ನಿಂತು ಒಬ್ಬೊಬ್ಬರಿಗೆ ಒಂದೊಂದು ವಾಕ್ಯ. ದರ್ಪಣ ಸುಂದರಿಗೆ ‘ಎಲ್ ಸ ರಗಾರ್ದ್ ದಾಂ ಲ ಮಿರ್ವಾರ್’, ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದಾಳೆ. ಶುಕಭಾಷಿಣಿಗೆ ‘ಎಲ್ ಪಾರ್ಲ್ ಅವೆಕ್ ಲ ಪೆರೊಕೆ’, ಗಿಳಿಯ ಜೊತೆ ಮಾತಾಡುತ್ತಿದ್ದಾಳೆ. ಎರಡು ವರ್ಷದ ಗಿಳಿಪಾಠದ ನಂತರ ಪುಸ್ತಕದಲ್ಲಿಲ್ಲದ ವಾಕ್ಯವೊಂದನ್ನು ಅವಳು ತಾನೇ ಕಟ್ಟಿದ್ದು ಅಲ್ಲಿ. ಫ್ರೆಂಚ್ ಪ್ರವಾಸಿಗರು ಯಾರೂ ಸಿಗಲಿಲ್ಲ. ಸಿಕ್ಕಿದ್ದರೆ ಈ ಬರಹಕ್ಕೆ ಒಳ್ಳೆಯ ಕಳೆ ಬರುತ್ತಿತ್ತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆ ಪಟ್ಟಿಗೆ ಸೇರಿದವಲ್ಲ, ಯುನೆಸ್ಕೊ ಜಾಲತಾಣದಲ್ಲಿ ಅವುಗಳ ಪರಿಚಯ ಫ್ರೆಂಚಿನಲ್ಲೂ ಇದೆ. ಮನೆಗೆ ಬಂದು ಅದನ್ನೇ ಓದಿಸಿದೆ. ಕಣ್ಣಾರೆ ನೋಡಿದ್ದರಿಂದ ಅರ್ಧಕ್ಕರ್ಧ ಪದಗಳನ್ನು ಊಹಿಸಿದಳು.

ಇದರಿಂದ ಕೆಲಸ ಸಿಗುತ್ತದಾ ಎಂದು ನೀವು ಕೇಳುತ್ತೀರಿ, ನಾನೂ ಕೇಳಿಕೊಂಡೆ. ಫ್ರಾನ್ಸ್‌ನ ಶಿಕ್ಷಣ ಸಚಿವಾಲಯ ಕೊಡುವ ‘ಡೆಲ್ಫ್’ ಪ್ರಮಾಣಪತ್ರದಲ್ಲಿ ಎ1, ಎ2, ಬಿ1, ಬಿ2 ಎಂದು ನಾಲ್ಕು ಮೆಟ್ಟಿಲು. ಹದಿಹರೆಯದವರಿಗೆ ಡೆಲ್ಫ್ ಜೂನಿಯರ್ ಬೇರೆಯೇ ಇದೆ. ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಬರೆಯಬಹುದು. ಎ1 ಹಿಡಿದು ಹೋದರೆ ಯಾರೂ ಕೆಲಸ ಕೊಡುವುದಿಲ್ಲ. ಭಾಷೆಯನ್ನೇ ನೆಚ್ಚಿದ ಕೆಲಸಕ್ಕೆ ಬಿ2 ಹತ್ತಿರಕ್ಕಾದರೂ ಹೋಗಬೇಕು. ಹದಿಮೂರರಲ್ಲಿ ಶುರು ಮಾಡಿದವರಿಗೆ ಅದಕ್ಕೆ ಕಾಲವಿದೆ. ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದಕ್ಕೆ ತಲಾ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವುದೇ ವಿಭಾಗದಲ್ಲಿ 5ಕ್ಕಿಂತ ಕಡಿಮೆ ಬಂದರೆ ಫೇಲು. ಬಾಯಿಬಿಡದೆ ಬರೀ ಬರೆದು ಗೆಲ್ಲುವ ಹಾಗಿಲ್ಲ. ಎ1ರ ಮೌಖಿಕದಲ್ಲಿ ಅಂಗಡಿಯಲ್ಲಿ ಸಾಮಾನು ಕೊಳ್ಳುವ ಆಟವೂ ಇದೆ. ಅಜ್ಜಿಯ ‘ಕೋಂಬ್ಯಾಂ’ ವ್ಯರ್ಥವಾಗುವುದಿಲ್ಲ.

ಒಂಬತ್ತನೇ ತರಗತಿಯ ಫಾರಂನಲ್ಲಿ ಹುಡುಗಿ ಕನ್ನಡಕ್ಕೇ ಟಿಕ್ ಹಾಕಿದ್ದಾಳೆ. ಫ್ರೆಂಚನ್ನು ಶಾಲೆಯ ಹೊರಗೆ, ಡೆಲ್ಫ್ ಜೂನಿಯರ್‌ಗೆಂದು ಓದುತ್ತಾಳಂತೆ. ಚಿಕ್ಕಪ್ಪನಿಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ, ಅಂಕ ಕಡಿಮೆಯಾದರೆ ನನ್ನನ್ನೇ ಕೇಳುತ್ತಾರೆ. ಎ1 ಪುಸ್ತಕದ ಎರಡನೇ ಪ್ರತಿ ಈಗ ನನ್ನ ಬ್ಯಾಂಕ್ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿದೆ. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಅಜ್ಜಿ ಮೂರೂ ಪ್ರಶ್ನೆ ತಪ್ಪದೆ ಕೇಳುತ್ತಾರೆ. ಎಣ್ಣೆ ಡಬ್ಬಿಯ ಚೀಟಿ ಜಿಡ್ಡು ಹಿಡಿದು ಅಕ್ಷರ ಅಳಿಸಿದೆ, ಹೊಸದು ಬರೆದು ಕಳಿಸು ಎಂದು ಹೋದ ವಾರ ತಾಕೀತು ಮಾಡಿದ್ದಾರೆ.